ಶನಿವಾರದ ದ್ರಾಕ್ಷಿ

ಬಾಗಲಾ ತಗದೈತಿ ಜಯವಂತಾ, ಒಳಗ ಬಾ.
ಒಲಿಮ್ಯಾಲ ದ್ರಾಕ್ಷಿ ಕುದಿಯಾಕತ್ತಾವು,
ಬಿಟ್ಟು ಏಳಾಕ ಬರಂಗಿಲ್ಲ.
ತಿಕೋಟಾದ ಕರಿ ದ್ರಾಕ್ಷಿ, ಮೂರು ಕಿಲೋ.
ಕರ್ತನ ಮೇಜಿನ ಸಾಮಾನಿಗೆ ಚೌಕಾಸಿ ಮಾಡಬಾರದಂತ
ನಮ್ಮತ್ತಿ ಹೇಳತಿದ್ಲು.
ಬದನಿಕಾಯಿಗೆ ಮಾತ್ರ ಜೀವಾ ತಿಂತಿದ್ಲು.

ಕೈ ತೊಳಕೊ. ಆ ಧೋತರದ ತುಂಡು ಹಿಡಿ,
ನಾಲ್ಕೂ ಮೂಲಿ ಕೂಡಿಸು. ನಾ ಸುರುವತೀನಿ.

ಸೋಂಪು ಅಗದು ಬಂದೀಯಲ್ಲ,
ಅದರ ಹಿಂದಿನ ವಾಸನಿನೂ ಬಂತು ಬಿಡು.
ಹದಿನಾರು ವರ್ಷ ಆ ವಾಸನಿ ಪಕ್ಕ ಮಲಗಿದಾಕಿ ನಾ.
ತಲಿ ಎತ್ತು. ಅರಿವಿ ಜೋಲಾಕತ್ತೈತಿ.

ಕಮತಗಿ ರಸ್ತೆದ ಧಾಬಾದಾಗಂತ.
ಕಾಲೇಜಿನ ಹುಡುಗೂರ ಜೋಡಿಯಂತ.
ಒಂದ ಗ್ಲಾಸಂತ. ಇರಲಿ,
ಎಲ್ಲಾರ ಲೆಕ್ಕಾನೂ ಒಂದರಿಂದನ ಚಾಲೂ ಆಗತೈತಿ.

"ಯೇಸುಸ್ವಾಮಿನೂ ಮದುವಿ ಮನ್ಯಾಗ ನೀರನ್ನ..."
ಗೊತ್ತಿತ್ತು ನೀ ಅದನ್ನ ತರತಿ ಅಂತ.
ಕುಡದು ಸಿಕ್ಕ ಪ್ರತಿ ಹುಡುಗನೂ
ಆ ಆರು ಬಾನಿ ಹೊತಗೊಂಡ ಬರತೈತಿ ನನ್ನ ಪಡಸಾಲಿಗೆ.
ಹೌದಪಾ, ಮಾಡಿದ.
ಮಾನಾ ಹೋಗೂ ಒಂದು ಮನಿ ಮಾನಾ ಉಳಸಾಕ ಮಾಡಿದ.
ನಮ್ಮ ಗುಳೇದಗುಡ್ಡದಾಗ ಬಾಟ್ಲಿಯಿಂದ ಮಾನಾ ಉಳದ
ಒಂದ ಮನಿ ತೋರಸು.

ಮತ್ತ ಮೊಳಿ ಹೊಡಿಯೂ ಹೊತ್ತಿಗೆ
ನೋವು ತಿಳೀಬಾರದಂತ
ಸಿಪಾಯ್ಗೋಳು ಒಂದು ಬಟ್ಟಲಾ ಹಿಡದ್ರಲ್ಲ ಬಾಯಿಗೆ,
ರುಚಿ ನೋಡಿ ಮಾರಿ ತಿರುವಿದ.
ಅದನ್ನ ಯಾವ ಹುಡುಗನೂ ನನಗ ನೆನಪ ಮಾಡಿಕೊಟ್ಟಿಲ್ಲ.

ಹಿಂಡು. ಗಟ್ಟಿ ಹಿಂಡು, ಬೀಜ ಒಡೀಲಾರದಂಗ.

ನಿಮ್ಮ ಕರುಣಪ್ಪ ಮಾಮಾ ಕುಣಿಮಗ್ಗಕ್ಕ ಕಾಲ ಇಳಿಬಿಟ್ರ
ಕಡದ ಎಳಿ ಕಣ್ಣ ಮುಚ್ಚಿ ಗಂಟ ಹಾಕತಿದ್ರು.
ಆಮ್ಯಾಲ ಬೆರಳು ನಡುಗಾಕ ಹತ್ತಿದ್ವು.
ಸಾವಕಾರ ಖಣ ಬಿಚ್ಚಿ ಬೆಳಕಿಗೆ ಹಿಡದು
ಏನೂ ಅನ್ನಲಾರದ ಮಡಚಿ ವಾಪಸ್ ಕೊಟ್ಟ.
ಬೈದಿದ್ರ ಚೊಲೋ ಇತ್ತು.

ಬಿಟ್ರು. ಹೆಂಗ ಬಿಟ್ರು ಅನ್ನೂದು ಇನ್ನೊಂದ ಕತಿ,
ಅದರಾಗ ದೇವರ ಪಾಲೂ ಐತಿ, ನನ್ನ ಬೈಗುಳದ ಪಾಲೂ ಐತಿ.
ಆದ್ರ ಭೋಜನದ ಆದಿತ್ಯವಾರ ಬಟ್ಟಲಾ ಸಾಲಿಗೆ ಬಂದ್ರ
(ಆವಾಗ ಅದರಾಗ ಹುಳಿ ಬಂದ ಖರೇ ರಸಾನ ಇರತಿತ್ತು)
ಕೈ ಚಾಚತಿದ್ದಿಲ್ಲ.
ಏನ ಪಾಪ ಮುಚ್ಚಿಟ್ಟಾನೋ, ಅಂತಿದ್ರು ಹೆಣ್ಮಕ್ಕಳ ಕಡಿ ಸಾಲಿನಾಗ.

ಒಂದಿನ ಸಭಾ ಕೂಡಿದಾಗ ಎದ್ದ ನಿಂತ್ರು.
"ಅಯ್ಯನವರ, ಒಂದು ಹನಿ ಸಾಕ್ರಿ,
ಒಳಗ ಮಲಗಿದ್ದು ಏಳತೈತಿ."
ಯಾರೂ ಉಸರ ಬಿಡಲಿಲ್ಲ.
ಹೆಂಚಿನ ಸಂದ್ಯಾಗ ಪಾರಿವಾಳ ಗುಟುರಿದ್ದು ನೆನಪೈತಿ.
ಆಮ್ಯಾಲ ಮುದುಕಿ ಸುಲೋಚನಾಬಾಯಿ, ಕೋಲು ಊರಿ,
"ಹಂಗಾರ ನಮಗೂ ಬ್ಯಾಡ" ಅಂದ್ಲು.

ಅಷ್ಟ. ಪ್ರಸಂಗ ಇಲ್ಲ, ಠರಾವು ಇಲ್ಲ.
ಒಬ್ಬ ನೇಕಾರನ ಸಲುವಾಗಿ
ನೂರಾ ಎಂಬತ್ತು ಮಂದಿ ಬಟ್ಟಲಾ ಬದಲ ಮಾಡಿದ್ರು.

ಅವರು ಹೋಗಿ ನಾಕು ವರ್ಷಾತು.
ಇನ್ನೂ ಯಾಕ ಕುದಸ್ತೀ ಅಕ್ಕಾ ಅಂತಾರ.
ಯಾವ ಸಾಲಿನಾಗ ಯಾರ ಕೈ ನಡುಗತೈತೋ
ನಮಗೇನ ಗೊತ್ತು?
ನಿಮ್ಮ ಧಾಬಾದ ಮೇಜಿನ ಸುತ್ತಾನೂ
ನಾಲ್ಕು ಹುಡುಗೂರಾಗ ಒಬ್ಬಾಂವ ಕರುಣಪ್ಪ ಇರತಾನ.
ಹತ್ತೊಂಬತ್ತನೇ ವರ್ಷಕ್ಕ ಅವಗೂ ಅದು ತಿಳಿದಿರಂಗಿಲ್ಲ.
ನೀ ಗ್ಲಾಸ್ ಬೋರಲ ಹಾಕಿದ್ರ
ಅವಗೂ ಬ್ಯಾಡ ಅನ್ನಾಕ ಒಂದೀಟ ಜಾಗ ಆಗತೈತಿ.
ಅಂವ ನೀನ ಇರಬಹುದು, ಮಗನ.

ಏನಂದಿ? ಗಟ್ಟಿ ಮಾತಾಡು.
ನಾಳಿ ನಿನ್ನ ಮೊದಲನೇ ಭೋಜನಾ, ಬರ್ಲ್ಯೋ ಬ್ಯಾಡೋ ಅಂತ?

ನಿನ್ನ ಅಂಗೈ ನೋಡಕೊ ಮೊದಲ.
ಮೊಣಕೈತನಕ ನೇರಳಿ ಬಣ್ಣ ಇಳದೈತಿ.
ಸಬಕಾರಕ್ಕ ಹೋಗಂಗಿಲ್ಲ, ಹುಣಸಿಹುಳಿಗೂ ಹೋಗಂಗಿಲ್ಲ,
ಮುಂಜಾನಿ ಗಂಟಿ ಬಾರಸೂ ತನಕಾ ಇರತೈತಿ.

ಹಂಗ ಬಾ.